ನಗರ ಯೋಜನೆ ಓದಬೇಕಾ, ಬೇಡವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಸಿವಿಲ್ ಓದಿ, ಆಮೇಲೆ ಪ್ಲಾನಿಂಗ್‌ನಲ್ಲಿ ಸ್ನಾತಕೋತ್ತರ ಮಾಡಿ, ಈಗ ಸಣ್ಣ ಊರುಗಳ ಮಹಾಯೋಜನೆ (ಮಾಸ್ಟರ್ ಪ್ಲಾನ್) ತಯಾರಿಸುವ ಕನ್ಸಲ್ಟೆನ್ಸಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಪಿಯುಸಿ ಫಲಿತಾಂಶ ಬರುವ ಹೊತ್ತಿಗೆ ನೆಂಟರ ಮಕ್ಕಳು, ಅವರ ಗೆಳೆಯರು, ಬಿ.ಇ. ಮುಗಿಸಿ ಮುಂದೇನು ಎಂದು ಕೂತವರು ಫೋನ್ ಮಾಡುತ್ತಾರೆ. ಅವರು ಕೇಳುವುದು ಹೆಚ್ಚುಕಡಿಮೆ ಇವನ್ನೇ. ಉತ್ತರಗಳಲ್ಲಿ ನನ್ನ ಸ್ವಂತ ಅಭಿಪ್ರಾಯ ಧಾರಾಳವಾಗಿ ಬೆರೆತಿದೆ, ಅಷ್ಟು ರಿಯಾಯಿತಿ ಕೊಟ್ಟು ಓದಿ.

ನಗರ ಯೋಜನೆ ಅಂದರೆ ಊರು ಡಿಸೈನ್ ಮಾಡೋದಾ?

ಬಹುಮಟ್ಟಿಗೆ ಅಲ್ಲ. ಚಂಡೀಗಢ, ಭುವನೇಶ್ವರದ ಹಾಗೆ ಹೊಸ ಊರನ್ನೇ ಬರೆಯುವ ಅವಕಾಶ ಒಂದು ತಲೆಮಾರಿನಲ್ಲಿ ಬೆರಳೆಣಿಕೆಯ ಜನಕ್ಕೆ ಸಿಗುತ್ತದೆ. (ಭುವನೇಶ್ವರದ ನಕ್ಷೆ ಬರೆದ ಒಟ್ಟೊ ಕೋನಿಗ್ಸ್‌ಬರ್ಗರ್ ಅದಕ್ಕೆ ಮುಂಚೆ ನಮ್ಮ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿದ್ದವರು.) ಉಳಿದವರ ಪಾಲಿಗೆ ಬರುವುದು ಆಗಲೇ ಅಡ್ಡಾದಿಡ್ಡಿ ಬೆಳೆದುಬಿಟ್ಟ ಊರು. ಅದು ಮುಂದಿನ ಹದಿನೈದು ಇಪ್ಪತ್ತು ವರ್ಷ ಯಾವ ಕಡೆ ಹರಡಬೇಕು, ಎಲ್ಲಿ ಮನೆ, ಎಲ್ಲಿ ಕಾರ್ಖಾನೆ, ಎಷ್ಟಗಲದ ರಸ್ತೆ, ಕೆರೆಯಿಂದ ಎಷ್ಟು ದೂರ ಬಿಡಬೇಕು ಎಂಬುದನ್ನು ನಕ್ಷೆಯಲ್ಲೂ ನಿಯಮದಲ್ಲೂ ಬರೆದು, ಅದಕ್ಕೆ ಸರ್ಕಾರದ ಮುದ್ರೆ ಬೀಳುವ ತನಕ ಕಾಯುವುದೇ ಕೆಲಸ.

ಓದುವ ವಿಷಯಗಳು: ಜನಸಂಖ್ಯೆಯ ಅಂದಾಜು, ಭೂಬಳಕೆ, ಸಂಚಾರ, ವಸತಿ, ನೀರು ಮತ್ತು ಒಳಚರಂಡಿ, ಪರಿಸರ, ಜಮೀನಿನ ಅರ್ಥಶಾಸ್ತ್ರ, ಸ್ವಲ್ಪ ಸಮಾಜಶಾಸ್ತ್ರ, ಸಾಕಷ್ಟು ಕಾನೂನು, ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆಗೆ ಮಾಹಿತಿ ಜೋಡಿಸುವ ವಿದ್ಯೆ). ಇವೆಲ್ಲದರ ಜೊತೆಗೆ ಪ್ರತಿ ಸೆಮಿಸ್ಟರ್‌ನಲ್ಲೂ ಒಂದು ಸ್ಟುಡಿಯೋ ಇರುತ್ತದೆ. ಒಂದು ನಿಜವಾದ ಊರನ್ನೋ ಬಡಾವಣೆಯನ್ನೋ ತೆಗೆದುಕೊಂಡು, ತಂಡ ಕಟ್ಟಿಕೊಂಡು, ಸರ್ವೆ ಮಾಡಿ, ಯೋಜನೆ ಬರೆದು ಒಪ್ಪಿಸಬೇಕು.

ನಮ್ಮ ರಾಜ್ಯದಲ್ಲಿ ಈ ಕೆಲಸವೆಲ್ಲ ನಿಂತಿರುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಮೇಲೆ. ಮಹಾಯೋಜನೆ ಮಾಡುವುದು, ಖಾಸಗಿ ಲೇಔಟಿಗೆ ಅನುಮೋದನೆ ಕೊಡುವುದು, ಮಹಾಯೋಜನೆಯಲ್ಲಿ ತೋರಿಸಿದ ಬಳಕೆಯನ್ನು 14-ಎ ಕಲಂ ಕೆಳಗೆ ಬದಲಾಯಿಸುವುದು, ಎಲ್ಲಕ್ಕೂ ಇದೇ ಆಧಾರ. ಜನ "ಡಿಸಿ ಕನ್ವರ್ಷನ್" ಅನ್ನುವುದು, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸಿಕೊಳ್ಳುವುದು, ಬೇರೆ, ಅದು ಭೂಕಂದಾಯ ಕಾಯ್ದೆಯ 95ನೇ ಕಲಂನದ್ದು, ಕಂದಾಯ ಇಲಾಖೆಯ ವ್ಯವಹಾರ. ಇವೆರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲದೆ ಸೈಟು ಕೊಂಡು ಒದ್ದಾಡುವವರು ಪ್ರತಿ ಊರಲ್ಲೂ ಇದ್ದಾರೆ. ಈ ಪ್ಯಾರಾ ಓದುವಾಗ ನಿಮಗೆ ಆಕಳಿಕೆ ಬಂದಿದ್ದರೆ ಗಮನದಲ್ಲಿಟ್ಟುಕೊಳ್ಳಿ. ನಮ್ಮ ಕೆಲಸದಲ್ಲಿ ಅರ್ಧ ದಿನ ಇಂಥದರಲ್ಲೇ ಕಳೆಯುತ್ತದೆ.

ಆರ್ಕಿಟೆಕ್ಚರ್, ಸಿವಿಲ್‌ಗೂ ಇದಕ್ಕೂ ಏನು ವ್ಯತ್ಯಾಸ?

ಆರ್ಕಿಟೆಕ್ಟ್ ಕಟ್ಟಡ ರೂಪಿಸುತ್ತಾನೆ, ಸಿವಿಲ್ ಎಂಜಿನಿಯರ್ ಅದು ಬೀಳದ ಹಾಗೆ ನೋಡಿಕೊಳ್ಳುತ್ತಾನೆ, ಆ ಜಾಗದಲ್ಲಿ ಅಂಥ ಕಟ್ಟಡ ಬರಬಹುದೇ, ಎಷ್ಟು ಅಂತಸ್ತು, ಎಷ್ಟು ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಜಾಗ) ಎಂಬ ನಿಯಮ ಪ್ಲಾನರ್‌ನದ್ದು. ಇವರಿಬ್ಬರಿಗೆ ಮುಗಿದ ಕೆಲಸವನ್ನು ಕೈಮಾಡಿ ತೋರಿಸುವ ಸುಖವಿದೆ. ಪ್ಲಾನರ್‌ಗೆ ಅದಿಲ್ಲ. "ಈ ರಸ್ತೆ ಹದಿನೆಂಟು ಮೀಟರ್ ಇದೆಯಲ್ಲ, ಅದು ನಾನು ಹಟ ಹಿಡಿದು ಉಳಿಸಿದ್ದು" ಎಂದು ಮಕ್ಕಳಿಗೆ ಹೇಳಿದರೆ ಅವರು ಐಸ್‌ಕ್ರೀಮ್ ಅಂಗಡಿ ಎಲ್ಲಿದೆ ಎಂದು ಕೇಳುತ್ತಾರೆ.

ಇನ್ನೊಂದು ವ್ಯತ್ಯಾಸ ವೃತ್ತಿಗೆ ಸಂಬಂಧಿಸಿದ್ದು. ಆರ್ಕಿಟೆಕ್ಟ್‌ಗಳಿಗೆ 1972ರ ವಾಸ್ತುಶಿಲ್ಪಿಗಳ ಕಾಯ್ದೆ ಇದೆ, ನೋಂದಣಿ ಇಲ್ಲದವರು ಆ ಹೆಸರು ಹಾಕಿಕೊಳ್ಳುವಂತಿಲ್ಲ. ಪ್ಲಾನರ್‌ಗಳಿಗೆ ಅಂಥ ಕೇಂದ್ರ ಕಾಯ್ದೆ ಇಲ್ಲ. 1951ರಲ್ಲಿ ಶುರುವಾದ ಇನ್‌ಸ್ಟಿಟ್ಯೂಟ್ ಆಫ್ ಟೌನ್ ಪ್ಲಾನರ್ಸ್, ಇಂಡಿಯಾ, ಅಂದರೆ ಐಟಿಪಿಐ, ಪದವಿಗಳಿಗೆ ಮಾನ್ಯತೆ ಕೊಡುತ್ತದೆ, ಸದಸ್ಯತ್ವ ಕೊಡುತ್ತದೆ. ಹಲವು ಟೆಂಡರ್‌ಗಳಲ್ಲೂ ನೇಮಕಾತಿಗಳಲ್ಲೂ ಆ ಸದಸ್ಯತ್ವ ಕೇಳುತ್ತಾರೆ. ಆದರೆ ಕಾಯ್ದೆಯ ಬಲವೇ ಬೇರೆ.

ನನಗೆ ಡ್ರಾಯಿಂಗ್ ಬರಲ್ಲ. ಆಗುತ್ತಾ?

ಆಗುತ್ತದೆ. ಬಿ.ಪ್ಲಾನ್ (ಪ್ಲಾನಿಂಗ್ ಪದವಿ) ಪ್ರವೇಶದ ಜೆಇಇ ಮೇನ್ ಪೇಪರ್ 2-ಬಿಯಲ್ಲಿ ಡ್ರಾಯಿಂಗ್ ಭಾಗವೇ ಇಲ್ಲ. ಗಣಿತ, ಆಪ್ಟಿಟ್ಯೂಡ್, ಯೋಜನೆಗೆ ಸಂಬಂಧಿಸಿದ ಪ್ರಶ್ನೆಗಳು, ಅಷ್ಟೇ. ಡ್ರಾಯಿಂಗ್ ಇರುವುದು ಆರ್ಕಿಟೆಕ್ಚರಿನ 2-ಎಯಲ್ಲಿ. ಡ್ರಾಯಿಂಗ್‌ಗಿಂತ ಮುಖ್ಯವಾದದ್ದು ಬರವಣಿಗೆ. ಮುನ್ನೂರು ಪುಟದ ವರದಿಯನ್ನು ಯಾರೋ ಒಬ್ಬರು ಬರೆಯಬೇಕು, ತಂಡದಲ್ಲಿ ಸರಿಯಾಗಿ ಬರೆಯಬಲ್ಲವರು ಒಬ್ಬಿಬ್ಬರೇ ಇರುತ್ತಾರೆ.

ಪಿಯುಸಿ ಆದಮೇಲೆ ನೇರ ಬಿ.ಪ್ಲಾನ್ ಸೇರೋದಾ? ಬೇರೆ ಡಿಗ್ರಿ ಮಾಡಿ ಎಂ.ಪ್ಲಾನ್‌ಗೆ ಹೋಗೋದಾ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ನನ್ನ ಉತ್ತರ ಕೆಲವರಿಗೆ ಹಿಡಿಸುವುದಿಲ್ಲ: ಖಚಿತವಿಲ್ಲದಿದ್ದರೆ ಮೊದಲು ಬೇರೆ ಪದವಿ, ಆಮೇಲೆ ಎಂ.ಪ್ಲಾನ್, ಅಂದರೆ ಪ್ಲಾನಿಂಗ್ ಸ್ನಾತಕೋತ್ತರ.

ಕಾರಣ ಸರಳ. ಬಿ.ಪ್ಲಾನ್ ನಾಲ್ಕು ವರ್ಷ. ಅದು ಮುಗಿದ ಮೇಲೆ "ಇದು ನನಗಲ್ಲ" ಅನ್ನಿಸಿದರೆ ಹೊರಳಲು ದಾರಿಗಳು ಕಡಿಮೆ. ಸಿವಿಲ್ ಎಂಜಿನಿಯರಿಂಗ್ ಹುದ್ದೆಗಳಿಗೆ ಅರ್ಜಿ ಹಾಕುವ ಹಾಗಿಲ್ಲ, ಆರ್ಕಿಟೆಕ್ಟ್ ಆಗಿ ಕಟ್ಟಡದ ಕೆಲಸ ಹಿಡಿಯುವ ಹಾಗಿಲ್ಲ. ಅದೇ ಬಿ.ಇ. ಸಿವಿಲ್ ಅಥವಾ ಬಿ.ಆರ್ಕ್. ಮಾಡಿದವರಿಗೆ ಎಂ.ಪ್ಲಾನ್ ಬಾಗಿಲು ತೆರೆದೇ ಇರುತ್ತದೆ, ಹಳೆಯ ದಾರಿಯೂ ಮುಚ್ಚುವುದಿಲ್ಲ. ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರದಲ್ಲಿ ಎಂ.ಎ., ಎಂ.ಎಸ್ಸಿ. ಮಾಡಿದವರನ್ನೂ ಹಲವು ಸಂಸ್ಥೆಗಳು ಎರಡು ವರ್ಷದ ಎಂ.ಪ್ಲಾನ್‌ಗೆ ತೆಗೆದುಕೊಳ್ಳುತ್ತವೆ. ಭೂಗೋಳ ಓದಿ ಬಂದವರು ಸಿವಿಲ್‌ನವರಿಗಿಂತ ಒಳ್ಳೆಯ ಪ್ರಶ್ನೆ ಕೇಳುತ್ತಾರೆ ಎಂಬುದು ನಾನು ಕಂಡದ್ದು. ಸಿವಿಲ್‌ನವನಾಗಿ ಇದನ್ನು ಹೇಳಲು ಕೊಂಚ ಮುಜುಗರವೇ.

ಹಾಗಾದರೆ ಬಿ.ಪ್ಲಾನ್ ಯಾರಿಗೆ? ದೆಹಲಿ, ಭೋಪಾಲ್, ವಿಜಯವಾಡದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ಗಳಲ್ಲಿ (ಎಸ್‌ಪಿಎ) ಸೀಟು ಸಿಕ್ಕವರಿಗೆ ಖಂಡಿತ. ಅಲ್ಲಿ ಜೊತೆಯವರಿಂದ ಕಲಿಯುವುದೇ ಅರ್ಧ ಓದು. ಇನ್ನು ಹದಿನೆಂಟು ವರ್ಷಕ್ಕೇ ಬಸ್ ರೂಟಿನ ನಕ್ಷೆ ಬರೆದುಕೊಂಡು ಓಡಾಡುವ, ಲೇಔಟಿನ ನಡುವೆ ರಾಜಕಾಲುವೆ ಎಲ್ಲಿ ಮಾಯವಾಯಿತು ಎಂದು ಹುಡುಕುವ ಚಟ ಇರುವ ಮಕ್ಕಳು ಅಪರೂಪಕ್ಕೆ ಸಿಗುತ್ತಾರೆ. ಅವರಿಗೂ ಬಿ.ಪ್ಲಾನ್ ಸರಿ. ಅವರು ನನ್ನ ಸಲಹೆಗೆ ಕಾಯುವವರಲ್ಲ, ಆ ಮಾತು ಬೇರೆ.

ಪ್ರವೇಶ ಹೇಗೆ?

ಬಿ.ಪ್ಲಾನ್‌ಗೆ: ಜೆಇಇ ಮೇನ್ ಪೇಪರ್ 2-ಬಿ. ಹನ್ನೆರಡನೆಯ ತರಗತಿಯಲ್ಲಿ ಗಣಿತ ಇರಲೇಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ ಕಡ್ಡಾಯವಲ್ಲ, ಹಾಗಾಗಿ ಗಣಿತ ಓದಿದ ಕಾಮರ್ಸ್‌ನವರಿಗೂ ಅವಕಾಶವಿದೆ. ಪಿಯು ಕಾಲೇಜುಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಜೆಇಇ ಮೇನ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಅರ್ಜಿ ಹಾಕುವಾಗಲೇ ಭಾಷೆ ಆರಿಸಿಕೊಳ್ಳಬೇಕು. ರಾಷ್ಟ್ರೀಯ ಸಂಸ್ಥೆಗಳ ಸೀಟು ಹಂಚಿಕೆ ಜೋಸಾ ಎಂಬ ಕೇಂದ್ರೀಕೃತ ಕೌನ್ಸೆಲಿಂಗ್ ಮೂಲಕ.

ಎಂ.ಪ್ಲಾನ್‌ಗೆ: ಗೇಟ್ (ಎಂಜಿನಿಯರಿಂಗ್ ಮುಂತಾದ ಸ್ನಾತಕೋತ್ತರ ಕೋರ್ಸುಗಳ ರಾಷ್ಟ್ರಮಟ್ಟದ ಪರೀಕ್ಷೆ) ಅಂಕ ಇದ್ದರೆ ಒಳ್ಳೆಯದು. ಆರ್ಕಿಟೆಕ್ಚರ್ ಮತ್ತು ಪ್ಲಾನಿಂಗ್ ಒಂದೇ ಪತ್ರಿಕೆಯಾಗಿ ಇದೆ, ಸಿವಿಲ್‌ನವರು ತಮ್ಮ ಪತ್ರಿಕೆಯಲ್ಲೇ ಬರೆಯಬಹುದು. ಗೇಟ್ ಅಂಕ ಇದ್ದು ಆ ಮೂಲಕ ಪ್ರವೇಶ ಪಡೆದವರಿಗೆ ಮಾನ್ಯತೆ ಪಡೆದ ಕಾಲೇಜುಗಳಲ್ಲಿ ತಿಂಗಳ ವಿದ್ಯಾರ್ಥಿವೇತನದ ಸಾಧ್ಯತೆಯೂ ಇದೆ. ಎರಡು ವರ್ಷ ಮನೆಯಿಂದ ದುಡ್ಡು ತರಿಸಿಕೊಳ್ಳಲು ಮನಸ್ಸಿಲ್ಲದವರಿಗೆ ಇದು ಸಣ್ಣ ಮಾತಲ್ಲ.

ಕರ್ನಾಟಕದಲ್ಲಿ ಎಲ್ಲಿ ಓದಬಹುದು?

ಮೈಸೂರು ವಿಶ್ವವಿದ್ಯಾನಿಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆ ಈ ವಿಷಯದ ಸ್ನಾತಕೋತ್ತರ ಕೋರ್ಸಿಗೆ ನಮ್ಮಲ್ಲಿ ಹಳೆಯ ಹೆಸರು. ರಾಜ್ಯದ ನಗರ ಯೋಜನಾ ಇಲಾಖೆಯಲ್ಲೂ ಅಭಿವೃದ್ಧಿ ಪ್ರಾಧಿಕಾರಗಳಲ್ಲೂ ಅಲ್ಲಿ ಓದಿದವರು ಎದುರಾಗುತ್ತಲೇ ಇರುತ್ತಾರೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಫಾರ್ ಹ್ಯೂಮನ್ ಸೆಟಲ್‌ಮೆಂಟ್ಸ್‌ನಲ್ಲಿ ಅರ್ಬನ್ ಫೆಲೋಸ್ ಕಾರ್ಯಕ್ರಮವಿದೆ. ಅದು ಎಂ.ಪ್ಲಾನ್‌ಗೆ ಬದಲಿ ಅಲ್ಲ, ಆದರೆ ಈ ಕ್ಷೇತ್ರ ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯಲು ಚೆನ್ನಾದ ಜಾಗ. ರಾಜ್ಯದ ಹೊರಗೆ ಐಐಟಿ ಖರಗ್‌ಪುರ, ಐಐಟಿ ರೂರ್ಕಿ, ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾನಿಲಯ, ಚೆನ್ನೈನ ಅಣ್ಣಾ ವಿಶ್ವವಿದ್ಯಾನಿಲಯ, ಮೇಲೆ ಹೇಳಿದ ಮೂರು ಎಸ್‌ಪಿಎಗಳು ಎಂ.ಪ್ಲಾನ್‌ಗೆ ಹೆಸರಾದವು. ದೆಹಲಿಯ ಎಸ್‌ಪಿಎಯಲ್ಲಿ ಸಂಚಾರ, ವಸತಿ, ಪರಿಸರ, ಪ್ರಾದೇಶಿಕ ಯೋಜನೆ ಎಂದು ಬೇರೆ ಬೇರೆ ವಿಭಾಗಗಳೇ ಇವೆ.

ಖಾಸಗಿ ಕಾಲೇಜುಗಳು ಹೊಸದಾಗಿ ಈ ಕೋರ್ಸು ತೆರೆಯುತ್ತಿವೆ. ಬ್ರೋಷರ್ ನೋಡಿ ಮರುಳಾಗಬೇಡಿ. ಅಧ್ಯಾಪಕರಲ್ಲಿ ಎಷ್ಟು ಜನ ಪ್ಲಾನಿಂಗ್ ಓದಿದವರು, ಎಷ್ಟು ಜನ ಆರ್ಕಿಟೆಕ್ಚರ್ ವಿಭಾಗದಿಂದ ಎರವಲು ಬಂದವರು ಎಂದು ಕೇಳಿ.

ದೇಶದಲ್ಲಿ ಪ್ಲಾನರ್‌ಗಳ ಕೊರತೆ ಇದೆ ಅಂತಾರೆ. ಹಾಗಿದ್ದರೆ ಓದಿದವರು ಕೆಲಸ ಹುಡುಕ್ತಾ ಕೂತಿರೋದು ಯಾಕೆ?

ಎರಡೂ ನಿಜ. ನೀತಿ ಆಯೋಗ 2021ರ ಸೆಪ್ಟೆಂಬರ್‌ನಲ್ಲಿ ನಗರ ಯೋಜನಾ ಸಾಮರ್ಥ್ಯದ ಬಗ್ಗೆ ಒಂದು ವರದಿ ಹೊರತಂದಿತು. ದೇಶದ 7,933 ನಗರ ಪ್ರದೇಶಗಳಲ್ಲಿ ಶೇ. 65ರಷ್ಟಕ್ಕೆ ಮಹಾಯೋಜನೆಯೇ ಇಲ್ಲ, ರಾಜ್ಯಗಳ ಯೋಜನಾ ಇಲಾಖೆಗಳಿಗೆ 12,000ಕ್ಕೂ ಹೆಚ್ಚು ಟೌನ್ ಪ್ಲಾನರ್‌ಗಳು ಬೇಕು, ಆದರೆ ಮಂಜೂರಾದ ಹುದ್ದೆಗಳೇ 4,000ಕ್ಕಿಂತ ಕಡಿಮೆ, ಅದರಲ್ಲೂ ಸುಮಾರು ಅರ್ಧ ಖಾಲಿ ಎಂದು ಅದು ಹೇಳಿತು. ಕಾಲೇಜುಗಳು ಈ ಅಂಕಿಗಳನ್ನು ಪೋಸ್ಟರ್ ಮಾಡಿ ಅಂಟಿಸುತ್ತವೆ.

ಪೋಸ್ಟರಿನಲ್ಲಿ ಬಾರದ ಸಾಲು ಅದೇ ವರದಿಯಲ್ಲಿದೆ: ಹಲವು ರಾಜ್ಯಗಳಲ್ಲಿ ಟೌನ್ ಪ್ಲಾನರ್ ಹುದ್ದೆಗೆ ಪ್ಲಾನಿಂಗ್ ಪದವಿ ಕಡ್ಡಾಯ ಅರ್ಹತೆಯೇ ಅಲ್ಲ. ಅಂದರೆ ಹುದ್ದೆ ತುಂಬಿದರೂ ಅಲ್ಲಿ ನೀವೇ ಕೂರುತ್ತೀರಿ ಎಂಬ ಖಾತ್ರಿಯಿಲ್ಲ, ಸಿವಿಲ್ ಓದಿದವರು ನಿಮ್ಮ ಪಕ್ಕದಲ್ಲೇ ಪರೀಕ್ಷೆ ಬರೆಯುತ್ತಾರೆ. ಇನ್ನು ಖಾಲಿ ಹುದ್ದೆ ಅಂದರೆ ಅರ್ಜಿ ಕರೆದ ಹುದ್ದೆ ಎಂದಲ್ಲ. ಆರ್ಥಿಕ ಇಲಾಖೆ ಒಪ್ಪಬೇಕು, ವೃಂದ ಮತ್ತು ನೇಮಕಾತಿ ನಿಯಮ ಸರಿಯಾಗಬೇಕು, ಲೋಕಸೇವಾ ಆಯೋಗ ಅಧಿಸೂಚನೆ ಹೊರಡಿಸಬೇಕು, ಪರೀಕ್ಷೆ ನಡೆಯಬೇಕು, ಪಟ್ಟಿಯ ಮೇಲೆ ಯಾರೂ ಕೋರ್ಟಿಗೆ ಹೋಗಬಾರದು. ಕೆಪಿಎಸ್‌ಸಿಗೆ ಓದುವ ಯಾರನ್ನಾದರೂ ಕೇಳಿ, ಇದರ ಕಥೆ ಹೇಳುತ್ತಾರೆ.

ನಡುವಿನ ಕೆಲಸವೆಲ್ಲ ಕನ್ಸಲ್ಟೆಂಟ್‌ಗಳಿಗೆ ಹೋಗುತ್ತದೆ. 2015ರಲ್ಲಿ ಶುರುವಾದ ಅಮೃತ್ ಯೋಜನೆಯಲ್ಲಿ 500 ಊರುಗಳಿಗೆ ಜಿಐಎಸ್ ಆಧಾರಿತ ಮಹಾಯೋಜನೆ ಮಾಡಿಸುವ ಉಪಯೋಜನೆ ಇತ್ತು. ಸ್ಮಾರ್ಟ್ ಸಿಟಿ ಬಂತು. ಆಗೆಲ್ಲ ಕೆಲಸ ಹೆಚ್ಚಾಯಿತು, ಯೋಜನೆ ಮುಗಿದಾಗ ಗುತ್ತಿಗೆಯೂ ಮುಗಿಯಿತು. ಹೊಸದಾಗಿ ಓದಿ ಬಂದವರ ಮೊದಲ ಐದಾರು ವರ್ಷ ಹೆಚ್ಚಾಗಿ ಹೀಗೇ: ಟೆಂಡರ್ ಇರುವ ತನಕ ಕೆಲಸ, ಆಮೇಲೆ ಇನ್ನೊಂದು ಟೆಂಡರ್.

ಹಾಗಾಗಿ "ಕೊರತೆ ಇದೆ, ಕೆಲಸ ಗ್ಯಾರಂಟಿ" ಎಂಬ ಲೆಕ್ಕದ ಮೇಲೆ ಸೇರಬೇಡಿ. ದೇಶಕ್ಕೆ ಪ್ಲಾನರ್ ಬೇಕು ಎಂಬುದು ಒಂದು ಮಾತು, ಪ್ಲಾನರ್‌ಗೆ ಸಂಬಳ ಕೊಡಲು ಯಾರೋ ಬಜೆಟ್ ಇಟ್ಟಿದ್ದಾರೆ ಎಂಬುದು ಇನ್ನೊಂದು.

ಸಂಬಳ?

ಶುರುವಿನಲ್ಲಿ ಸಾಫ್ಟ್‌ವೇರ್‌ಗಿಂತ ಕಡಿಮೆ, ಅದರಲ್ಲಿ ಅನುಮಾನ ಬೇಡ. ಸರ್ಕಾರಿ ಹುದ್ದೆ ಸಿಕ್ಕರೆ ವೇತನ ಶ್ರೇಣಿಯೂ ಭದ್ರತೆಯೂ ಇದೆ. ಖಾಸಗಿಯಲ್ಲಿ ಸಂಚಾರ ಯೋಜನೆ ಮತ್ತು ಜಿಐಎಸ್ ಗಟ್ಟಿಯಾಗಿ ಬಲ್ಲವರಿಗೆ ಉಳಿದವರಿಗಿಂತ ಬೇಗ ಬೆಲೆ ಬರುತ್ತದೆ. ಶಿಕ್ಷಣ ಸಾಲ ದೊಡ್ಡದಾಗಿ ಮಾಡಿ ಓದುವ ಕೋರ್ಸ್ ಇದಲ್ಲ.

ದಿನದ ಕೆಲಸ ಹೇಗಿರುತ್ತೆ?

ಒಂದು ಉದಾಹರಣೆ ಕೊಡುತ್ತೇನೆ. ತೆಂಗಿನ ಸೀಮೆಯ ಒಂದು ತಾಲ್ಲೂಕು ಕೇಂದ್ರ. ಅಲ್ಲಿ ಈಗಿರುವ ಭೂಬಳಕೆಯ ಸರ್ವೆ. ಬೇಸ್‌ಮ್ಯಾಪಿನ ಪ್ರಿಂಟು ಹಲಗೆಗೆ ಕ್ಲಿಪ್ ಮಾಡಿಕೊಂಡು ಬೀದಿ ಬೀದಿ ನಡೆಯಬೇಕು, ಪ್ರತಿ ಕಟ್ಟಡ ಯಾವುದಕ್ಕೆ ಬಳಕೆಯಾಗುತ್ತಿದೆ ಎಂದು ಗುರುತು ಹಾಕಬೇಕು. ವಾಸಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಶಾಲೆ ಆಸ್ಪತ್ರೆ ಕಚೇರಿಗೆ ಕೆಂಪು, ಉದ್ಯಾನಕ್ಕೆ ಹಸಿರು. (ಅಮೆರಿಕದ ಪುಸ್ತಕ ಓದಿ ಬಂದವರು ವಾಣಿಜ್ಯಕ್ಕೆ ಕೆಂಪು ತುಂಬಿ ಇಡೀ ಮಾರುಕಟ್ಟೆಯನ್ನು ಆಸ್ಪತ್ರೆ ಮಾಡಿಬಿಡುತ್ತಾರೆ.)

ಪುಸ್ತಕದಲ್ಲಿ ಎಲ್ಲ ಸಲೀಸು. ಬೀದಿಯಲ್ಲಿ ಒಂದು ಹಳೆಯ ಹೆಂಚಿನ ಮನೆ. ಕೆಳಗೆ ಅಜ್ಜ, ಅಜ್ಜಿ, ಮಗ, ಸೊಸೆ. ಮೇಲೆ ಅಟ್ಟದ ತುಂಬ ಉಂಡೆ ಕೊಬ್ಬರಿ ಆಗಲು ತಿಂಗಳುಗಟ್ಟಲೆ ಬಿಟ್ಟ ಕಾಯಿ. ಮುಂದಿನ ಜಗಲಿಯಲ್ಲಿ ತಕ್ಕಡಿ, ಗೋಣಿಚೀಲ, ಅಕ್ಕಪಕ್ಕದ ಹಳ್ಳಿಯವರು ತಂದು ಮಾರುವ ಸಣ್ಣ ವ್ಯಾಪಾರ. ಹಿತ್ತಲಲ್ಲಿ ಕಾಯಿ ಸುಲಿಯುವವರು ನಾಲ್ಕು ಜನ. ಇದು ವಾಸವೋ, ಗೋದಾಮೋ, ಅಂಗಡಿಯೋ, ಕೈಗಾರಿಕೆಯೋ? "ಮಿಶ್ರ" ಎಂದು ಬರೆದು ಮುಂದೆ ಹೋಗಬಹುದು, ಬಹಳ ಜನ ಹಾಗೇ ಮಾಡುತ್ತಾರೆ. ಆದರೆ ಅಂಥ ನೂರಾರು ಮನೆ ಇರುವ ಪೇಟೆಯನ್ನು ಬರೀ ಹಳದಿ ವಲಯ ಮಾಡಿದರೆ ನಾಳೆ ಆ ವ್ಯಾಪಾರಕ್ಕೆ ಲೈಸೆನ್ಸ್ ತೊಡಕಾಗುತ್ತದೆ, ನೀಲಿ ಮಾಡಿದರೆ ಅದೇ ಜಾಗದಲ್ಲಿ ಕಾಂಪ್ಲೆಕ್ಸು ಏಳಲು ದಾರಿಯಾಗಿ ಅಜ್ಜ ಅಜ್ಜಿ ಊರಾಚೆಗೆ ಹೋಗುತ್ತಾರೆ. ಸಂಜೆ ಲಾಡ್ಜಿಗೆ ಬಂದು ಈ ವಿಷಯಕ್ಕೆ ತಂಡದಲ್ಲಿ ಜಗಳವಾಯಿತು. ಕೊನೆಗೆ ಪೇಟೆ ಬೀದಿಗಳಿಗೆ ಬೇರೆಯೇ ನಿಯಮ ಪ್ರಸ್ತಾಪಿಸಿ ಬರೆದೆವು. ನನಗೆ ಈ ವೃತ್ತಿಯಲ್ಲಿ ಖುಷಿ ಕೊಡುವುದು ಇಂಥ ಜಗಳಗಳೇ.

ಉಳಿದಂತೆ: ಕಂದಾಯ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವುದು, ಸರ್ವೆ ನಂಬರಿನ ಗಡಿ ಹೊಂದದೆ ತಲೆ ಚಚ್ಚಿಕೊಳ್ಳುವುದು, ನಗರಸಭೆಯಿಂದ ನೀರಿನ ಅಂಕಿಅಂಶಕ್ಕೆ ಅಲೆಯುವುದು, ಎಕ್ಸೆಲ್, ವರದಿ, ಪಿಪಿಟಿ, ಮತ್ತೆ ವರದಿ.

ರಾಜಕೀಯ, ಲಂಚ ಇದರಲ್ಲಿ ಜಾಸ್ತಿ ಅಂತಾರಲ್ಲ?

ನಕ್ಷೆಯ ಮೇಲೆ ಬಣ್ಣ ಬದಲಾದರೆ ಎಕರೆಯ ಬೆಲೆ ರಾತ್ರೋರಾತ್ರಿ ಬದಲಾಗುತ್ತದೆ. ಅಂಥ ಕಡೆ ಒತ್ತಡ ಇರುವುದಿಲ್ಲ ಎಂದರೆ ನೀವೇ ನಂಬುವುದಿಲ್ಲ. ಕಿರಿಯ ಪ್ಲಾನರ್‌ಗೆ ಆ ಒತ್ತಡ ನೇರವಾಗಿ ಬರುವುದು ಕಡಿಮೆ, ಅದು ಮೇಲೆಲ್ಲೋ ಇತ್ಯರ್ಥವಾಗಿ ಕೆಳಗೆ "ಇಷ್ಟು ಬದಲಾಯಿಸಿ" ಎಂಬ ಒಂದು ಸಾಲಾಗಿ ಇಳಿಯುತ್ತದೆ. ಆ ಸಾಲು ಬರಹದಲ್ಲಿ ಬರಲಿ ಎಂದು ಕೇಳುವ ಧೈರ್ಯ ಬೇಕು. ಕೇಳಿದವರೆಲ್ಲರಿಗೂ ಒಳ್ಳೆಯದಾಗಿದೆ ಎಂದು ಸುಳ್ಳು ಹೇಳಲಾರೆ.

ಇನ್ನೊಂದು ಬಗೆಯ ಒತ್ತಡವೂ ಇದೆ, ಅದರ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಕರಡು ಯೋಜನೆ ಪ್ರಕಟವಾದ ಮೇಲೆ ಆಕ್ಷೇಪಣೆಗಳ ವಿಚಾರಣೆ ಇರುತ್ತದೆ. ಪಹಣಿ ಹಿಡಿದುಕೊಂಡು ಒಬ್ಬ ರೈತರು ಬರುತ್ತಾರೆ. "ನಮ್ಮಪ್ಪನ ಕಾಲದಿಂದ ಉಳ್ತಾ ಇರೋ ಎರಡೆಕರೆ ಸ್ವಾಮಿ, ಇದನ್ನ ಪಾರ್ಕು ಅಂತ ಬರೆದೋರು ಯಾರು?" ಬರೆದವರು ನೀವೇ. ಊರಿಗೆ ಉದ್ಯಾನ ಬೇಕು ಎಂಬುದೂ ಸತ್ಯ. ಹಾಗೆ ಮೀಸಲಿಟ್ಟ ಜಮೀನನ್ನು ಐದು ವರ್ಷದೊಳಗೆ ಸ್ವಾಧೀನ ಮಾಡಿಕೊಳ್ಳದಿದ್ದರೆ ಆ ಮೀಸಲು ಬಿದ್ದುಹೋಗುತ್ತದೆ ಎಂದು ಮೇಲೆ ಹೇಳಿದ 1961ರ ಕಾಯ್ದೆಯ 69ನೇ ಕಲಂ ಹೇಳುತ್ತದೆ. ಆ ಐದು ವರ್ಷ ಅವರು ಜಮೀನನ್ನು ಒಳ್ಳೆಯ ಬೆಲೆಗೆ ಮಾರಲಾಗದೆ, ಮಗಳ ಮದುವೆಗೆ ಸಾಲ ಎತ್ತಲಾಗದೆ ಕೂರುತ್ತಾರೆ. ಎದುರಿಗೆ ಕೂತು ಇದನ್ನು ಕೇಳಿಸಿಕೊಂಡು, ಕರುಣೆಗೆ ಬಿದ್ದು ಎಲ್ಲರ ಹಸಿರನ್ನೂ ಅಳಿಸದೆ, ಕಲ್ಲಿನಂತೆಯೂ ಕೂರದೆ ಉತ್ತರ ಕೊಡಬೇಕು. ಕಾಲೇಜಿನಲ್ಲಿ ಇದಕ್ಕೆ ಪೇಪರ್ ಇಲ್ಲ.

ಮಾಡಿದ ಪ್ಲಾನ್ ಜಾರಿಗೆ ಬರುತ್ತಾ?

ಬೆಂಗಳೂರನ್ನೇ ನೋಡಿ. ಬಿಡಿಎಯ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಪರಿಷ್ಕೃತ ಮಹಾಯೋಜನೆ-2015ಕ್ಕೆ ಮಂಜೂರಾತಿ ಸಿಕ್ಕಿದ್ದು 2007ರಲ್ಲಿ. ಅದರ ಮುಂದಿನದು, 2031ರದ್ದು, 2017ರಲ್ಲಿ ಕರಡಾಗಿ ಹೊರಬಂತು, ಜನರಿಂದ ಸಾವಿರಾರು ಆಕ್ಷೇಪಣೆ ಬಂದವು, ಕೊನೆಗೆ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಹೆಸರಿನಲ್ಲೇ 2015 ಎಂದಿರುವ ನಕ್ಷೆಯನ್ನು ಆ ವರ್ಷ ದಾಟಿದ ಮೇಲೂ ಬಿಚ್ಚಿ ನೋಡುತ್ತಾ ನಗರ ನಡೆಯಿತು. 2031ರ ಕರಡಿನ ಹಿಂದೆ ಎಷ್ಟು ಜನ ಕಿರಿಯ ಪ್ಲಾನರ್‌ಗಳು ರಾತ್ರಿ ನಿದ್ದೆ ಬಿಟ್ಟಿದ್ದರೋ. ಈಗ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದು, 2025ರಲ್ಲಿ ಐದು ಪಾಲಿಕೆಗಳಾಗಿ, ಯೋಜನೆಯ ಅಧಿಕಾರವೇ ಕೈ ಬದಲಾಯಿಸಿದೆ.

ಸಂವಿಧಾನದ 74ನೇ ತಿದ್ದುಪಡಿ 1993ರಿಂದ ಜಾರಿಯಲ್ಲಿದೆ. ಅದರ ಹನ್ನೆರಡನೆಯ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಸೇರಬೇಕಾದ 18 ಕೆಲಸಗಳ ಪಟ್ಟಿ ಇದೆ, ಮೊದಲನೆಯದೇ ನಗರ ಯೋಜನೆ. ಆದರೂ ನಮ್ಮ ಬಹುತೇಕ ಊರುಗಳಲ್ಲಿ ಯೋಜನೆ ಮಾಡುವುದು ಚುನಾಯಿತ ನಗರಸಭೆ ಅಲ್ಲ, ಸರ್ಕಾರ ನೇಮಿಸಿದ ಅಭಿವೃದ್ಧಿ ಪ್ರಾಧಿಕಾರ. ನಕ್ಷೆ ಬರೆಯುವವರು ಒಬ್ಬರು, ರಸ್ತೆ ಹಾಕುವವರು ಇನ್ನೊಬ್ಬರು, ಕಟ್ಟಡಕ್ಕೆ ಪರವಾನಗಿ ಕೊಡುವವರು ಮತ್ತೊಬ್ಬರು. ಜಾರಿಯಾಗದಿರುವುದಕ್ಕೆ ನನ್ನ ದೃಷ್ಟಿಯಲ್ಲಿ ದೊಡ್ಡ ಕಾರಣ ಇದೇ, ಲಂಚಕ್ಕಿಂತಲೂ.

ಎಲ್ಲವೂ ನೀರಿನಲ್ಲಿ ಹೋಮವೂ ಅಲ್ಲ. ಮಹಾಯೋಜನೆಯಲ್ಲಿ ರಸ್ತೆಯ ಅಗಲ ಬರೆದಿದ್ದರಿಂದಲೇ ಖಾಸಗಿ ಲೇಔಟಿನವರು ಆ ಅಗಲ ಬಿಟ್ಟು ಸೈಟು ಮಾಡಿದ ಕಡೆಗಳು ಬೇಕಾದಷ್ಟಿವೆ. ಹುಬ್ಬಳ್ಳಿ-ಧಾರವಾಡದ ನಡುವೆ ಬಸ್ಸಿಗೇ ಮೀಸಲಾದ ಪಥವಿದೆ, ಅದರ ಬಗ್ಗೆ ಜನರಿಗೆ ಏನೇ ತಕರಾರಿರಲಿ, ಕಾಗದದಿಂದ ನೆಲಕ್ಕೆ ಇಳಿದ ಯೋಜನೆ ಅದು.

ಕನ್ನಡ ಮಾಧ್ಯಮದಲ್ಲಿ ಓದಿದ್ದೀನಿ. ಕಷ್ಟ ಆಗುತ್ತಾ?

ತರಗತಿಯಲ್ಲಿ ಮೊದಲ ವರ್ಷ ಆಗುತ್ತದೆ. ಪಠ್ಯ, ಪ್ರಸೆಂಟೇಷನ್ ಎಲ್ಲ ಇಂಗ್ಲಿಷ್. ಆದರೆ ಫೀಲ್ಡಿಗೆ ಇಳಿದ ದಿನ ಲೆಕ್ಕ ತಿರುಗುತ್ತದೆ. ಪಹಣಿ, ಮ್ಯುಟೇಶನ್, ಖರಾಬು, ಗೋಮಾಳ, ಗ್ರಾಮಠಾಣಾ, ಆಕಾರಬಂದ್ ಎಂಬುದೆಲ್ಲ ನಿಮಗೆ ಮನೆಮಾತು. ದೊಡ್ಡ ಊರಲ್ಲಿ ಓದಿದವರು ಗ್ರಾಮ ಲೆಕ್ಕಿಗರ ಎದುರು ತೊದಲುವಾಗ ನೀವು ಅರ್ಧ ಗಂಟೆಯಲ್ಲಿ ಕಾಗದ ಹಿಡಿದುಕೊಂಡು ಬರುತ್ತೀರಿ. ಬೆಳಗಾವಿ, ಬೀದರ್ ಕಡೆ ಮರಾಠಿ, ಉರ್ದು ಬಂದರೆ ಇನ್ನೂ ಒಳ್ಳೆಯದು. ಕರ್ನಾಟಕದ ಊರುಗಳಲ್ಲೇ ಕೆಲಸ ಮಾಡುವ ಮನಸ್ಸಿದ್ದರೆ ಕನ್ನಡ ಬಲ್ಲ ಪ್ಲಾನರ್‌ಗೆ ಬೇಡಿಕೆ ಇದ್ದೇ ಇದೆ.

ಹೆಣ್ಣುಮಕ್ಕಳಿಗೆ ಹೇಗೆ?

ನಮ್ಮ ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಅವರೇ. ಮನೆಮನೆ ಸರ್ವೆಯಲ್ಲಿ ಬಾಗಿಲು ತೆರೆಯುವುದೂ, ನೀರು ಯಾವ ಹೊತ್ತಿಗೆ ಬರುತ್ತದೆ, ರಾತ್ರಿ ಯಾವ ಬೀದಿಯಲ್ಲಿ ದೀಪವಿಲ್ಲ ಎಂಬುದಕ್ಕೆ ನೇರ ಉತ್ತರ ಸಿಗುವುದೂ ಅವರಿಗೇ. ತೊಂದರೆ ಇರುವುದು ಸಣ್ಣ ಊರುಗಳಲ್ಲಿ ಉಳಿದುಕೊಳ್ಳುವ ವ್ಯವಸ್ಥೆ, ಸರ್ವೆ ನಡುವೆ ಶೌಚಾಲಯ. ಕೆಲಸಕ್ಕೆ ಸೇರುವಾಗಲೇ ಇದನ್ನು ಸಂಕೋಚವಿಲ್ಲದೆ ಕೇಳಿ.

ಕೃತಕ ಬುದ್ಧಿಮತ್ತೆ ಬಂದು ಈ ಕೆಲಸ ಹೋಗಿಬಿಡುತ್ತಾ?

ಉಪಗ್ರಹ ಚಿತ್ರದಿಂದ ಕಟ್ಟಡಗಳ ಗಡಿ ಎಳೆಯುವಂಥ ಕೆಲಸ ಈಗಾಗಲೇ ಯಂತ್ರದ ಪಾಲಾಗುತ್ತಿದೆ. ಬರೀ ಡಿಜಿಟೈಸ್ ಮಾಡಲು ಕಲಿತವರಿಗೆ ಕಷ್ಟ. ಅಟ್ಟದ ಮೇಲಿನ ಕೊಬ್ಬರಿ ಉಪಗ್ರಹಕ್ಕೆ ಕಾಣುವುದಿಲ್ಲ, ಪಹಣಿ ಹಿಡಿದು ಬಂದವರಿಗೆ ಉತ್ತರ ಕೊಡಲು ಮನುಷ್ಯರೇ ಬೇಕು. ಕ್ಯೂಜಿಐಎಸ್ ಎಂಬ ಜಿಐಎಸ್ ತಂತ್ರಾಂಶ ಉಚಿತ, ಇವತ್ತೇ ಇಳಿಸಿಕೊಂಡು ಕಲಿಯಲು ಶುರು ಮಾಡಿ. ಪೈಥಾನ್ ಸ್ವಲ್ಪ ಬಂದರೆ ಇನ್ನೂ ಒಳ್ಳೆಯದು.

ವಿದೇಶದಲ್ಲಿ ಓದೋದು?

ಓದಲು ಚೆನ್ನ, ನೆಲೆಯೂರಲು ತೊಡಕು. ಯೋಜನೆ ಆಯಾ ದೇಶದ ಕಾನೂನಿಗೆ ಅಂಟಿಕೊಂಡ ವಿದ್ಯೆ. ಬ್ರಿಟನ್ನಿನಲ್ಲಿ ಆರ್‌ಟಿಪಿಐ ಮಾನ್ಯತೆ, ಅಮೆರಿಕದಲ್ಲಿ ಎಐಸಿಪಿ ಪ್ರಮಾಣೀಕರಣ ಎಂದು ಅವರದೇ ವ್ಯವಸ್ಥೆಗಳಿವೆ. ಅಮೆರಿಕಕ್ಕೆ ಹೋಗುವವರು ಒಂದು ವಿಷಯ ಮೊದಲೇ ವಿಚಾರಿಸಿ: ಆ ಕೋರ್ಸು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದೆಯೇ? ಇಲ್ಲದಿದ್ದರೆ ಓದು ಮುಗಿದ ಮೇಲೆ ಕೆಲಸಕ್ಕೆ ಸಿಗುವ ಅವಧಿ 12 ತಿಂಗಳಷ್ಟೇ, ಇದ್ದರೆ ಇನ್ನೂ 24 ತಿಂಗಳ ವಿಸ್ತರಣೆಗೆ ದಾರಿಯಿದೆ. ಸಾಲ ಮಾಡಿ ಹೋಗುವವರಿಗೆ ಇದರಿಂದ ಲೆಕ್ಕವೇ ಬದಲಾಗುತ್ತದೆ.

ಐಎಎಸ್ ಆಸೆ ಇದೆ. ಬಿ.ಪ್ಲಾನ್ ಉಪಯೋಗವಾ?

ಪದವಿ ಎಂಬ ಅರ್ಹತೆಗೆ ಸಾಕು. ಯುಪಿಎಸ್‌ಸಿ ಐಚ್ಛಿಕ ವಿಷಯಗಳಲ್ಲಿ ನಗರ ಯೋಜನೆ ಇಲ್ಲ, ಭೂಗೋಳವೋ ಸಮಾಜಶಾಸ್ತ್ರವೋ ಹೊಸದಾಗಿ ಓದಬೇಕು. ಅದೇ ಗುರಿಯಾದರೆ ಅದಕ್ಕೇ ನೇರ ತಯಾರಾಗಿ.

ಸೇರುವ ಮೊದಲು ನನಗೆ ಒಗ್ಗುತ್ತಾ ಅಂತ ತಿಳಿಯೋದು ಹೇಗೆ?

ನಿಮ್ಮ ಊರಿನ ಮಹಾಯೋಜನೆ ಹುಡುಕಿ. ಊರಿನ ನಗರಾಭಿವೃದ್ಧಿ ಪ್ರಾಧಿಕಾರದಲ್ಲೋ ಯೋಜನಾ ಪ್ರಾಧಿಕಾರದಲ್ಲೋ ಸಿಗುತ್ತದೆ, ಜನ ಇನ್ನೂ ಅದನ್ನು ಸಿಡಿಪಿ (ಕಾಂಪ್ರಿಹೆನ್ಸಿವ್ ಡೆವಲಪ್‌ಮೆಂಟ್ ಪ್ಲಾನ್) ಎಂದೇ ಕರೆಯುತ್ತಾರೆ. ಹಲವು ಊರುಗಳದ್ದು ಅಂತರ್ಜಾಲದಲ್ಲೂ ಇದೆ. ನಿಮ್ಮ ಮನೆ ಯಾವ ಬಣ್ಣದಲ್ಲಿದೆ ನೋಡಿ. ಎದುರಿನ ರಸ್ತೆ ನಕ್ಷೆಯಲ್ಲಿ ಎಷ್ಟು ಮೀಟರ್, ನೆಲದ ಮೇಲೆ ಎಷ್ಟು, ಟೇಪ್ ಹಿಡಿದು ಅಳೆಯಿರಿ. ನಕ್ಷೆಯಲ್ಲಿ ಹಸಿರು ಇರುವ ಜಾಗಕ್ಕೆ ನಡೆದು ಹೋಗಿ ಅಲ್ಲೀಗ ಏನಿದೆ ನೋಡಿ. ಆಮೇಲೆ ಪ್ರಾಧಿಕಾರದ ಕಚೇರಿಯ ಬೆಂಚಿನ ಮೇಲೆ ಒಂದು ಬೆಳಗ್ಗೆ ಸುಮ್ಮನೆ ಕೂತು ಯಾರು ಬರುತ್ತಾರೆ, ಏನು ಕೇಳುತ್ತಾರೆ ಗಮನಿಸಿ. ಮಹಾಯೋಜನೆಯ ವಲಯ ನಿಯಮಾವಳಿ ಒಂದು ಅಧ್ಯಾಯವಾದರೂ ಓದಿ. ಇಷ್ಟಾದ ಮೇಲೂ "ಆ ಹಸಿರು ಹೋದದ್ದು ಹೇಗೆ?" ಎಂಬ ಪ್ರಶ್ನೆ ರಾತ್ರಿ ಕಾಡಿದರೆ ಸೇರಿ. ಬೇಸರ ಬಂದರೆ ಒಂದು ವಾರದಲ್ಲೇ ತಿಳಿದದ್ದು ಲಾಭ, ನಾಲ್ಕು ವರ್ಷದ ಫೀಸು ಉಳಿಯಿತು.

ನಾನು ತಂದೆ. ಮಗಳು ಇದನ್ನೇ ಓದ್ತೀನಿ ಅಂತ ಹಟ ಮಾಡ್ತಿದ್ದಾಳೆ. ಏನು ನೋಡಿ ಒಪ್ಪಲಿ?

ಸರ್, ಮೊದಲು ಅವಳ ಕೈಲಿ ಮೇಲಿನ ಪರೀಕ್ಷೆ ಮಾಡಿಸಿ, ಸಾಧ್ಯವಾದರೆ ನೀವೂ ಜೊತೆಗೆ ಹೋಗಿ. ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು. ಆಮೇಲೆ ಕಾಲೇಜಿಗೆ ಹೋಗಿ ಮೂರು ವಿಷಯ ಕೇಳಿ. ಕೋರ್ಸಿಗೆ ಐಟಿಪಿಐ ಮಾನ್ಯತೆ ಇದೆಯೇ, ಇದ್ದರೆ ಪತ್ರ ತೋರಿಸಲಿ, "ಪ್ರಕ್ರಿಯೆಯಲ್ಲಿದೆ" ಎಂಬ ಉತ್ತರವನ್ನು ಇಲ್ಲ ಎಂದೇ ತಿಳಿಯಿರಿ. ಕಳೆದ ಬ್ಯಾಚಿನವರು ಈಗ ಯಾವ ಹುದ್ದೆಯಲ್ಲಿದ್ದಾರೆ, ಪ್ಲೇಸ್‌ಮೆಂಟ್ ಶೇಕಡಾವಾರು ಬೇಡ, ಹುದ್ದೆಯ ಹೆಸರು ಬೇಕು. ಕಳೆದ ವರ್ಷದ ಸ್ಟುಡಿಯೋ ಯಾವ ಊರಿನದು, ಆ ವರದಿಯನ್ನು ಮಗಳು ಒಂದು ಗಂಟೆ ಕೂತು ಓದಬಹುದೇ. ಮೂರನೆಯದಕ್ಕೆ ಗ್ರಂಥಾಲಯದ ಬೀಗ ತೆಗೆಸಿ ಖುಷಿಯಿಂದ ತೋರಿಸುವ ಕಾಲೇಜಾದರೆ ಅಡ್ವಾನ್ಸ್ ಕಟ್ಟಿ. ಆಫೀಸಿನವರು ಫೀಸಿನ ಚಲನ್ ಮೊದಲು ಮುಂದಿಟ್ಟರೆ ಎದ್ದು ಬನ್ನಿ, ಸಿವಿಲ್ಲೋ ಭೂಗೋಳವೋ ಓದಲಿ, ಎಂ.ಪ್ಲಾನ್ ಎಲ್ಲಿಗೂ ಓಡಿಹೋಗುವುದಿಲ್ಲ.